ಗೋಡೆ ರಾಗಿ

ಮದುವೆಯಾಗಿ ಬಂದ ಎರಡನೇ ವರ್ಷವೇ ಅಂಕಮ್ಮ ಗಂಡ ಜವರಯ್ಯನಿಗೊಂದು ಶಾಪ ಹಾಕಿದ್ದಳು. ಶಾಪ ಅಂದರೆ ಮಣ್ಣು ತೂರಿ, ಬೆರಳು ಮುರಿದು ಹಾಕಿದ್ದಲ್ಲ. ಹಸಿದವಳ ತಮಾಷೆ, ಅಷ್ಟೇ. "ಒಂದೇ ಒಂದ್ಸಲ ನಿನ್ ಕೈ ತಪ್ಪಿ ಇಡೀ ಹಗೇವೇ ಕೆಟ್ಟೋಗ್ಲಿ ಕಣಯ್ಯೋ. ನಾವೂ ಒಂದ್ ವರ್ಸ ಕಾಲ್ ಚಾಚ್ಕೊಂಡು ಉಣ್ಣಾನ" ಅಂದಿದ್ದಳು. ಜವರಯ್ಯ ನಕ್ಕ. ಆಮೇಲೆ ನಗು ನಿಲ್ಲಿಸಿ, "ಬಿಡ್ತು ಅನ್ನೇ" ಎಂದು ಗದರಿದ. ಅವಳು "ಬಿಡ್ತು" ಅಂದಳು. ಅಂದರೇನು ಬಂತು, ಆಡಿದ್ದು ಆಡಿಯಾಗಿತ್ತು.

ಈ ಮಾತು ಅರ್ಥವಾಗಬೇಕಾದರೆ ಹಗೇವು ಏನೆಂದು ಗೊತ್ತಿರಬೇಕು. ಈಗಿನವರಿಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇದ್ದಂತಿಲ್ಲ. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಕಡೆ ರಾಗಿಯನ್ನು ನೆಲದೊಳಗೆ ಇಡುತ್ತಿದ್ದರು. ಮನೆ ಮುಂದಿನ ಬೀದಿಯಲ್ಲೇ ಗಟ್ಟಿ ನೆಲ ನೋಡಿ, ಒಬ್ಬ ಆಳು ನುಸುಳುವಷ್ಟೇ ಬಾಯಿ ಬಿಟ್ಟು, ಕೆಳಗೆ ಹೋದಂತೆ ಹೊಟ್ಟೆ ಅಗಲ ಮಾಡುತ್ತ ಎರಡಾಳು ಆಳ ತೋಡುವುದು. ಒಳಗೆ ಸೌದೆ ಉರಿಸಿ ಗೋಡೆಯನ್ನು ಮಡಕೆಯ ಹಾಗೆ ಸುಡುವುದು. ಸುತ್ತ ರಾಗಿಹುಲ್ಲು ಹೊದಿಸಿ, ರಾಗಿ ತುಂಬಿ, ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ಮುಗಿಯಿತು. ಇಲಿಯಿಲ್ಲ, ಹುಳವಿಲ್ಲ. ಹತ್ತು ವರ್ಷ ಬಿಟ್ಟು ತೆಗೆದರೂ ನಿನ್ನೆ ಬಡಿದ ರಾಗಿಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

ಬಿದಿರೆಕೊಪ್ಪಲಿನಲ್ಲಿ ಈ ಕೆಲಸವೆಲ್ಲ ಜವರಯ್ಯನದು. ಅವನಪ್ಪ ಕರಿಯಯ್ಯನದೂ ಇದೇ ಕೆಲಸ. ತೋಡುವವನು ಅವನೇ, ಮುಚ್ಚುವವನು ಅವನೇ, ತೆಗೆಯುವಾಗ ಮೊದಲು ಇಳಿಯುವವನೂ ಅವನೇ. ಮುಚ್ಚಿಟ್ಟ ಹಗೇವಿನ ಗಾಳಿ ವಿಷ. ಬಾಯಿ ತೆಗೆದು ಒಂದು ದಿನ ಬಿಟ್ಟು, ಲಾಟೀನು ಕಟ್ಟಿ ಇಳಿಬಿಟ್ಟು, ದೀಪ ಆರದೆ ಉರಿದರೆ ಮಾತ್ರ ಇಳಿಯಬೇಕು. ಇಳಿದವನು ಕುಕ್ಕೆ ತುಂಬಿ ಮೇಲಕ್ಕೆ ಕೊಡುತ್ತ ಗಟ್ಟಿಯಾಗಿ ಎಣಿಸಬೇಕು. ರಾಗಿ ಅಳೆಯುವಾಗ 'ಒಂದು' ಅನ್ನುವ ಹಾಗಿಲ್ಲ. ಮೊದಲನೆಯದಕ್ಕೆ 'ಲಾಭ' ಅನ್ನಬೇಕು. ಲಾಭ, ಎರಡು, ಮೂರು. ಜವರಯ್ಯನ ದನಿ ಹಗೇವಿನ ಹೊಟ್ಟೆಯಿಂದ ಗುಂಯ್ ಎಂದು ಬರುತ್ತಿದ್ದರೆ ಬೀದಿಯ ಮಕ್ಕಳೆಲ್ಲ ಬಗ್ಗಿ ನೋಡುತ್ತಿದ್ದವು. ಇಷ್ಟೆಲ್ಲ ಮಾಡಿ ಮೇಲೆ ಬಂದ ಮನುಷ್ಯ ಆ ಮನೆಯ ಜಗಲಿ ಹತ್ತುವ ಹಾಗಿರಲಿಲ್ಲ, ಅದು ಬೇರೆ ಮಾತು. ಅವನು ಮೈಕೈಯೆಲ್ಲ ತಗುಲಿಸಿಕೊಂಡು ಎತ್ತಿಕೊಟ್ಟ ರಾಗಿಗೆ ಮೈಲಿಗೆಯಿರಲಿಲ್ಲ, ಅವನಿಗಿತ್ತು. ಯಾವ ಬುದ್ಧಿವಂತ ಮಾಡಿದ ಲೆಕ್ಕವೋ!

ಅವನ ಕೂಲಿಯ ಕತೆ ಇನ್ನೂ ಚೆಂದ. ಎಷ್ಟೇ ಹುಲ್ಲು ಹೊದಿಸಿದರೂ ಗೋಡೆಗೆ ತಾಗಿದ ರಾಗಿ ನೆಲದ ತೇವ ಹೀರಿ ಗಂಟುಕಟ್ಟಿ ಮುಗ್ಗಲು ಹಿಡಿಯುತ್ತದೆ. ಅದು ಗೋಡೆ ರಾಗಿ. ಆ ಗೋಡೆ ರಾಗಿ ಇಳಿದವನಿಗೆ. ಒಳ್ಳೆಯದೆಲ್ಲ ಯಜಮಾನನಿಗೆ, ಕೆಟ್ಟದ್ದು ಇಳಿದವನಿಗೆ. ಬೇರೆ ಊರಿನವರು ಮುಚ್ಚಿದ ಹಗೇವಿನಲ್ಲಿ ಗೇಣುದ್ದ ದಪ್ಪ ಗೋಡೆ ರಾಗಿ ಇಳಿಯುತ್ತಿತ್ತು. ಇಳಿದವನ ಮನೆಗೆ ಎರಡು ಮೂಟೆ. ಜವರಯ್ಯ ಮುಚ್ಚಿದ್ದರಲ್ಲಿ ಎರಡು ಬೆರಳು ದಪ್ಪವೂ ಕೆಡುತ್ತಿರಲಿಲ್ಲ. ಹುತ್ತದ ಮಣ್ಣು, ಸಗಣಿ, ರಾಗಿಹೊಟ್ಟು ಮೂರನ್ನೂ ಅವನು ಕಲಸುವ ಹದವೇ ಬೇರೆ. ಕಲಸಿ ಬಾಯಿಗೆ ಮೆತ್ತಿ, ಕೊನೆಗೆ ಹಸಿಮಣ್ಣಿನ ಮೇಲೆ ತನ್ನ ಬಲಗೈ ಅಂಗೈ ಒತ್ತುತ್ತಿದ್ದ. ತೆಗೆಯುವ ದಿನ ಆ ಐದು ಬೆರಳು ಹಾಗೇ ಇದ್ದರೆ ಒಳಗಿನದೂ ಹಾಗೇ ಇದೆ ಅಂತ.

ಅಂದರೆ ಕೆಲಸ ಎಷ್ಟು ಚೆನ್ನಾಗಿ ಮಾಡಿದರೆ ಅಷ್ಟು ಕಡಿಮೆ ಊಟ. ಅಂಕಮ್ಮ ಶಾಪ ಹಾಕದೆ ಇನ್ನೇನು ಮಾಡಿಯಾಳು? ಮುಗ್ಗಲು ರಾಗಿಯನ್ನು ಮೂರು ನೀರಲ್ಲಿ ತೊಳೆದು, ಒಣಗಿಸಿ, ಬೀಸಿ, ಮುದ್ದೆ ಕಟ್ಟಿದರೂ ನಾಲಿಗೆಯ ತುದಿಗೆ ಕಹಿ ಹಾಗೇ ಉಳಿಯುತ್ತಿತ್ತು. ಆ ಕಹಿಯೂ ಸಾಕಷ್ಟು ಸಿಗುತ್ತಿರಲಿಲ್ಲ.

"ವಸಿ ತೆಳ್ಳಗೆ ಮೆತ್ತಿದ್ರೆ ನಿನ್ ಗಂಟೇನ್ ಹೋಯ್ತದೆ?" ಎಂದು ಅವಳು ಕೇಳಿದರೆ, "ಅನ್ನ ಕಣೇ ಅದು. ಬೇಕೂಂತ ಕೆಡಿಸಕ್ಕಾಯ್ತದಾ?" ಅನ್ನುತ್ತಿದ್ದ. ಅಷ್ಟೇ ಅವನ ವೇದಾಂತ.

ಊರಿನಲ್ಲಿ ಒಂದು ಕಾಲಕ್ಕೆ ಹದಿನಾಲ್ಕು ಹಗೇವು ಇದ್ದವು. ತೊಂಬತ್ತರ ಹೊತ್ತಿಗೆ ಕಣದಿಂದಲೇ ಲಾರಿಗೆ ತುಂಬುವ ಕಾಲ ಬಂತು. ಒಂದೊಂದಾಗಿ ಮುಚ್ಚಿಹೋದವು. ಒಂದಕ್ಕೆ ಕಸ ತುಂಬಿದರು, ಒಂದನ್ನು ಕಕ್ಕಸಿನ ಗುಂಡಿ ಮಾಡಿದರು. ಉಳಿದದ್ದು ಚನ್ನಬಸವಯ್ಯನವರ ಮನೆ ಮುಂದಿನದು ಒಂದೇ. ಚನ್ನಬಸವಯ್ಯ ತೆಂಗಿನ ತೋಟದ ದೊಡ್ಡ ಯಜಮಾನರು, ಹಳೇ ಮನುಷ್ಯ. ತೊಂಬತ್ತಮೂರರ ಸಂಕ್ರಾಂತಿ ಕಳೆದ ವಾರ ಮೂವತ್ತು ಪಲ್ಲ ರಾಗಿ ಅದರಲ್ಲಿ ತುಂಬಿಸಿದರು. ಮೂವತ್ತು ಪಲ್ಲ ಎಂದರೆ ಮೂವತ್ತು ಮೂಟೆಗೂ ಮಿಗಿಲು, ಇಡೀ ಬೀದಿ ಒಂದು ಮಳೆಗಾಲ ಉಣ್ಣುವಷ್ಟು. ಜವರಯ್ಯ ಮುಚ್ಚಿ, ಅಂಗೈ ಒತ್ತಿ, ಎದ್ದು ನಿಂತ. ಆಗ ಯಜಮಾನರು ದನಿ ತಗ್ಗಿಸಿ, "ಎಷ್ಟು ಹೋಯ್ತು ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ ಕಣ್ಲಾ. ಹಗೇವಿನ ಮಾತು ಆಡಿದ್ರೆ, ಬರೆದ್ರೆ, ಹುಲುಸು ಹೋಯ್ತದೆ" ಎಂದರು. ಊರಲ್ಲೆಲ್ಲ ಇದ್ದ ನಂಬಿಕೆ ಅದು. ನೆಲದೊಳಗಿನ ರಾಗಿಯನ್ನು ಬಾಯಲ್ಲಿ ಎಣಿಸಬಾರದು, ಕಾಗದಕ್ಕೆ ಹತ್ತಿಸಬಾರದು.

ಎರಡು ವರ್ಷಕ್ಕೆ ಚನ್ನಬಸವಯ್ಯ ತೀರಿಕೊಂಡರು. ಮರುವರ್ಷವೇ ಇಬ್ಬರು ಮಕ್ಕಳು ಪಾಲಾದರು. ದೊಡ್ಡವನು ರೇವಣಸಿದ್ದಪ್ಪ, ಅಪ್ಪನ ಗತ್ತು ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಚಿಕ್ಕವನು ಬಸವಕುಮಾರ್, ಅರಸೀಕೆರೆಯಲ್ಲಿ ಬಿ.ಕಾಂ. ಓದಿ ಕೊಬ್ಬರಿ ವ್ಯಾಪಾರಕ್ಕೆ ಇಳಿದಿದ್ದ. ಪಂಚರು ಕೂತು ತೋಟ, ಹೊಲ, ಕೊಟ್ಟಿಗೆ, ತಾಮ್ರದ ಹಂಡೆಯವರೆಗೆ ಪಾಲುಪಟ್ಟಿ ಬರೆದರು. ಹಗೇವು ಎಲ್ಲರಿಗೂ ಗೊತ್ತಿತ್ತು. ಹಾಗಾಗಿಯೇ ಯಾರೂ ಬಾಯಿ ಬಿಡಲಿಲ್ಲ. ಹುಲುಸು ಹೋಗುತ್ತದಲ್ಲ! ಮನೆಯ ನಡುವೆ ಗೋಡೆ ಎದ್ದಿತು. ಆ ಗೋಡೆಯ ನೇರಕ್ಕೆ, ಬೀದಿಯಲ್ಲಿ, ಹಗೇವು ಉಳಿಯಿತು.

ತಿಂಗಳು ಕಳೆದ ಮೇಲೆ ಅಣ್ಣ ತಮ್ಮ ಇಬ್ಬರಿಗೂ ಹಗೇವು ನೆನಪಾಯಿತು. ಇಬ್ಬರೂ ಜವರಯ್ಯನನ್ನೇ ಕರೆಸಿದರು.

"ನೀನೇ ತೋಡಿದೋನು. ಯಾರ ಕಡೆಗೈತೆ ಹೇಳ್ಲಾ" ಎಂದ ರೇವಣಸಿದ್ದಪ್ಪ.

"ಹೆದರಬೇಡ ಜವರಯ್ಯ, ಇರೋದನ್ನ ಹೇಳು" ಎಂದ ಬಸವಕುಮಾರ್.

ಸುಳ್ಳು ಹೇಳಿದ್ದರೆ ಒಬ್ಬನಾದರೂ ಉಪಕಾರ ನೆನೆಯುತ್ತಿದ್ದ. ಈ ಮಹಾರಾಯ ಇದ್ದದ್ದನ್ನೇ ಹೇಳಿದ. "ಬಾಯಿ ದೊಡ್ ಬುದ್ಧಿಯೋರ ಕಡೀಕೆ ಐತೆ. ಹೊಟ್ಟೆ ಚಿಕ್ ಬುದ್ಧಿಯೋರ ಕಡೀಕೆ ವಾಲೈತೆ. ನಡುವೆ ಒಂದು ಬಂಡೆ ಸಿಕ್ತು, ಅದಕ್ಕೇ ಆ ಕಡೆ ತಿರುಗಿಸ್ದೆ."

ತಗೊಳ್ಳಿ! ಬಾಯಿ ಯಾರದೋ ರಾಗಿ ಅವರದು ಅಂತ ಅಣ್ಣ. ಹೊಟ್ಟೆ ಯಾರದೋ ರಾಗಿ ಅವರದು ಅಂತ ತಮ್ಮ. ಅರ್ಧರ್ಧ ಮಾಡಿಕೊಳ್ಳಿ ಎಂದು ಊರವರು ಹೇಳಿ ನೋಡಿದರು. ರೇವಣಸಿದ್ದಪ್ಪ ಒಪ್ಪಲಿಲ್ಲ. "ಇದ್ರಲ್ಲಿ ಅರ್ಧ ಅಂದ್ರೆ ನಾಳೆ ಹಿತ್ಲ ಹುಣಸೇಮರನೂ ಅರ್ಧ ಕೇಳ್ತಾನೆ" ಎಂದ. ಅವತ್ತಿನಿಂದ ಅಣ್ಣ ತಮ್ಮ ಮಾತು ಬಿಟ್ಟರು. ಬಾಯಿ ತೆಗೆಯುವುದಕ್ಕೆ ಒಬ್ಬ ಬಂದರೆ ಇನ್ನೊಬ್ಬ ದೊಣ್ಣೆ ಹಿಡಿದು ಬರುವ ಹಾಗಾಯಿತು. ಮೂವತ್ತು ಪಲ್ಲ ರಾಗಿ ನೆಲದೊಳಗೆ ಕೂತಿತು.

ಕೂತರೆ ಕೂರಲಿ, ಹಗೇವಿಗೇನು ಅವಸರ ಎಂದುಕೊಂಡಿದ್ದ ಜವರಯ್ಯ. ಇನ್ನೂ ಹತ್ತು ವರ್ಷ ಇದ್ದರೂ ಅವನ ಕೈಯ ಕೆಲಸ ಕೆಡುವಂಥದ್ದಲ್ಲ. ಆದರೆ ತೊಂಬತ್ತೆಂಟರಲ್ಲಿ ಬೀದಿಗೆ ನಲ್ಲಿ ಬಂತು. ಹಗೇವಿನಿಂದ ನಾಲ್ಕು ಮಾರು ಮೇಲೆ ಪಂಚಾಯ್ತಿಯವರು ಕೊಳವೆ ನೆಟ್ಟು, ಫೋಟೋ ಹಿಡಿಸಿಕೊಂಡು ಹೋದರು. ನೀರು ಕೊಟ್ಟರು, ಚರಂಡಿ ಕೊಡಲಿಲ್ಲ. ಬಿಂದಿಗೆ ತುಂಬಿ ಚೆಲ್ಲಿದ್ದು, ಪಾತ್ರೆ ತೊಳೆದದ್ದು, ಎಮ್ಮೆ ಮೈ ತೊಳೆದದ್ದು ಎಲ್ಲ ಹರಿದು ಬಂದು ಸರಿಯಾಗಿ ಹಗೇವಿನ ಬಾಯಿಯ ಮೇಲೆ ನಿಲ್ಲತೊಡಗಿತು.

ಮೊದಲ ದಿನ ಆ ನೀರು ಕಂಡದ್ದೇ ಜವರಯ್ಯ ಓಡಿಹೋಗಿ ಹಾರೆ ತಂದು ಕಾಲುವೆ ಬಿಡಿಸಿದ. ಮಾರನೆಯ ದಿನ ಎಮ್ಮೆ ತುಳಿದು ಕಾಲುವೆ ಮುಚ್ಚಿತ್ತು. ಮತ್ತೆ ಬಿಡಿಸಿದ. ಹುತ್ತದ ಮಣ್ಣು ಹೊತ್ತು ತಂದು ಬಾಯಿಗೆ ಇನ್ನೊಂದು ಪದರ ಮೆತ್ತಿದ. ಸುತ್ತ ಏರಿ ಕಟ್ಟಿದ. ಅಂದಿನಿಂದ ದಿನಾ ಬೆಳಿಗ್ಗೆ ಅದೇ ಕೆಲಸ. ನಿಂತ ನೀರನ್ನು ಕರಟದಲ್ಲಿ ಮೊಗೆದು ಚೆಲ್ಲುವುದು, ಮಣ್ಣು ಮೆತ್ತುವುದು. ನಲ್ಲಿ ಹೆಂಗಸರಿಗೆ ಕೈ ಮುಗಿದು, "ಅವ್ವಾ, ವಸಿ ಆ ಕಡೀಕೆ ಚೆಲ್ರವ್ವಾ" ಅನ್ನುವುದು. ಅವರಿಗೆ ನಗು. "ಯಾರ ಮನೆ ರಾಗಿಗೋ ಈ ಮುದುಕಂಗೆ ಯಾಕೆ ಸಂಕ್ಟ? ಅವನ ಪಾಲಿನ ಗೋಡೆ ರಾಗಿ ಆಸೆ ಕಣ್ರೀ" ಎಂದು ರಂಗಮ್ಮ ಅಂದದ್ದು ಅವನ ಕಿವಿಗೂ ಬಿತ್ತು. ಅಲ್ಲ, ಈ ಹೆಂಗಸಿಗೆ ಅಷ್ಟೂ ತಿಳಿಯಬಾರದೇ? ಗೋಡೆ ರಾಗಿಯ ಆಸೆಯಿದ್ದವನು ನೀರು ಇಳಿಯಲಿ ಎಂದು ಸುಮ್ಮನೆ ಕೂರುತ್ತಿದ್ದ. ಕೆಟ್ಟಷ್ಟೂ ಅವನದೇ ಅಲ್ಲವೇ!

ಮರುವರ್ಷ ಕೃಷಿ ಇಲಾಖೆಯಿಂದ ಸತೀಶ್ ಎಂಬ ಎಳೆಯ ಅಧಿಕಾರಿ ಬಂದ. ಕೊಯ್ಲಾದ ಮೇಲೆ ಕಾಳು ಹಾಳಾಗುವುದನ್ನು ತಡೆಯಬೇಕು ಅನ್ನುವುದು ಅವನ ಕೆಲಸ. ಶಾಲೆಯ ಅಂಗಳದಲ್ಲಿ ತಗಡಿನ ಕಣಜ ನಿಲ್ಲಿಸಿ, ಇಲಿ ಎಷ್ಟು ತಿನ್ನುತ್ತದೆ, ಹುಳ ಎಷ್ಟು ತಿನ್ನುತ್ತದೆ, ರೈತ ಬೆವರು ಸುರಿಸಿ ಬೆಳೆದದ್ದರಲ್ಲಿ ಎಷ್ಟು ತಟ್ಟೆಗೆ ಬರುವುದೇ ಇಲ್ಲ ಎಂದು ಚಿತ್ರ ತೋರಿಸಿ ಹೇಳಿದ. ಹಿಂದೆ ನಿಂತಿದ್ದ ಜವರಯ್ಯನಿಗೆ ತಡೆಯಲಾಗಲಿಲ್ಲ. "ಸ್ವಾಮಿ, ನೆಲದಾಗಿಟ್ರೆ ಇಲೀನೂ ಇಲ್ಲ, ಹುಳಾನೂ ಇಲ್ಲ" ಎಂದ. ಸತೀಶ್ ನಗಲಿಲ್ಲ. ಇಡೀ ಮಧ್ಯಾಹ್ನ ಅವನ ಜೊತೆ ಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಮಣ್ಣಿನ ಹದದಿಂದ ಲಾಟೀನಿನವರೆಗೆ ಎಲ್ಲ ಬರೆದುಕೊಂಡ. "ನಿಮ್ಮಂಥವರು ಇನ್ನೊಬ್ಬರು ಈ ತಾಲ್ಲೂಕಲ್ಲಿ ಇದ್ದಾರೋ ಇಲ್ಲವೋ ಜವರಯ್ಯನವರೇ" ಅಂದ. ಐವತ್ತು ವರ್ಷ ನೆಲದೊಳಗೆ ಇಳಿದು ಹತ್ತಿದವನಿಗೆ 'ಅವರೇ' ಎಂದವನು ಅವನೇ ಮೊದಲು. ಆ ದಿನ ಜವರಯ್ಯ ಅಂಕಮ್ಮನಿಗೆ ಅದನ್ನು ನಾಲ್ಕು ಸಲ ಹೇಳಿದ.

ಇಲಾಖೆಯವರು ಅವನನ್ನು ಅರಸೀಕೆರೆಯ ರೈತರ ಸಭೆಗೆ ಕರೆದುಕೊಂಡು ಹೋಗಿ, ಕುರ್ಚಿಯಲ್ಲಿ ಕೂರಿಸಿ ಮಾತಾಡಿಸಿದರು. ಚಪ್ಪಾಳೆ ಬಿತ್ತು. ಸನ್ಮಾನ ಅಂತ ಒಂದು ತಗಡಿನ ಕಣಜ ಕೊಟ್ಟರು. ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಊರಿಗೆ ತಂದ. ತುಂಬುವುದಕ್ಕೆ ರಾಗಿ ಎಲ್ಲಿಂದ ತರುವುದು? ಅಂಕಮ್ಮ ಅದರಲ್ಲಿ ಕೋಳಿ ಕೂಡಿಹಾಕುತ್ತಿದ್ದಳು.

ಸತೀಶ್ ಅಣ್ಣ ತಮ್ಮಂದಿರ ಮನೆಗೂ ಹೋದ. ನಲ್ಲಿ ನೀರು ಇಳಿಯುತ್ತಿದೆ, ಈಗಲೇ ತೆಗೆದರೆ ಉಳಿಯುತ್ತದೆ, ಮೂವತ್ತು ಪಲ್ಲ ಕಣ್ರೀ ಎಂದು ಕೇಳಿಕೊಂಡ. "ಇದು ನಮ್ಮ ಮನೆ ವಿಚಾರ, ನೀವು ಕಾಫಿ ಕುಡೀರಿ" ಎಂದ ರೇವಣಸಿದ್ದಪ್ಪ. ಬಸವಕುಮಾರ್ ಕೂಡ ಹೆಚ್ಚು ಕಡಿಮೆ ಅದೇ ಮಾತು ಹೇಳಿದ. ಅವನ ಮನೆಯಲ್ಲಿ ಟೀ ಕೊಟ್ಟರು. ಆರು ತಿಂಗಳಿಗೆ ಸತೀಶನಿಗೆ ಹಳೇಬೀಡಿಗೆ ವರ್ಗವಾಯಿತು.

ಎರಡು ಸಾವಿರದ ಒಂದರ ಮಳೆಗಾಲದಲ್ಲಿ ಬಾಯಿಯ ಮಣ್ಣು ಕುಸಿದು ತಗ್ಗಾದದ್ದನ್ನು ಜವರಯ್ಯ ನೋಡಿದ. ಬೆರಳು ಒತ್ತಿದರೆ ಬೆರಳು ಇಳಿಯಿತು. ಮೇಲೆ ಎಷ್ಟು ಮೆತ್ತಿದರೂ ಒಳಗೆ ಹಾದಿಯಾಗಿತ್ತು. ಸತೀಶನೊಬ್ಬನೇ ದಿಕ್ಕು ಎಂದುಕೊಂಡು ಅರಸೀಕೆರೆಗೆ ಒಂದು ಬಸ್ಸು, ಜಾವಗಲ್ಲಿನ ಮೇಲೆ ಹಳೇಬೀಡಿಗೆ ಇನ್ನೊಂದು ಬಸ್ಸು ಹತ್ತಿ ಹೋದ. ಕಚೇರಿಯಲ್ಲಿ ಇರಲಿಲ್ಲ, ಬಸ್ತಿಹಳ್ಳಿ ಕಡೆ ಹೊಲದಲ್ಲಿದ್ದಾರೆ ಎಂದರು. ನಡೆದು ಹೋದ. ಹೊಲದ ಬದುವಿನಲ್ಲಿ ಆಳೆತ್ತರ ಆಲೂಗಡ್ಡೆ ರಾಶಿ, ಮೇಲೆ ತೂತುಬಿದ್ದ ಟಾರ್ಪಾಲು, ಕೆಳಗಿನಿಂದ ಕರೀ ನೀರು ಸೋರುತ್ತಿತ್ತು. ವಾರದಿಂದ ಲಾರಿ ಬಂದಿರಲಿಲ್ಲವಂತೆ. ಸತೀಶ್ ಪ್ಯಾಂಟು ಮಡಚಿಕೊಂಡು, ರೈತನ ಜೊತೆ ಒಳ್ಳೆಯ ಗಡ್ಡೆ ಆರಿಸುತ್ತಿದ್ದ.

ಜವರಯ್ಯ ಎಲ್ಲ ಹೇಳಿದ. ಸತೀಶ್ ಕೇಳಿಸಿಕೊಂಡು, ಕೈಯಲ್ಲಿದ್ದ ಗಡ್ಡೆಯನ್ನು ಹಿಸುಕಿ ನೋಡಿ ಎಸೆದ. "ಇಲ್ಲೂ ಅದೇ ಜವರಯ್ಯನವರೇ. ನಾನು ಹೋದಲ್ಲೆಲ್ಲ ಅದೇ. ನಾನು ಬರ್ತೀನಿ, ಮುಂದಿನ ವಾರ ಬಂದು ಮತ್ತೆ ಮಾತಾಡ್ತೀನಿ" ಎಂದ. ಬರುವ ಮನಸ್ಸಿತ್ತು ಪಾಪ, ಸುಳ್ಳು ಹೇಳುವವನಲ್ಲ. ಆದರೆ ಬರಲಿಲ್ಲ. ಆ ಮುಂದಿನ ವಾರ ಅವನ ಪಾಲಿಗೆ ಇನ್ನೆಷ್ಟು ರಾಶಿಗಳು ಕೊಳೆಯುತ್ತ ಕಾದಿದ್ದವೋ.

ಅಲ್ಲಿಂದಾಚೆ ಜವರಯ್ಯನಿಗೂ ಒಳಗೊಳಗೇ ಗೊತ್ತಿತ್ತು. ಗೊತ್ತಿದ್ದೂ ದಿನಾ ಹೋಗುತ್ತಿದ್ದ, ಮಣ್ಣು ಮೆತ್ತುತ್ತಿದ್ದ. "ಸಾಕು ಬಿಡಯ್ಯ, ಅದು ಸತ್ತೈತೆ" ಅಂದಳು ಅಂಕಮ್ಮ. "ತಳದಾಗೆ ಇರ್ತದೆ ಕಣೇ. ಹೊಟ್ಟೆ ಕಡೀಕೆ ನೀರು ಹೋಗಾಕಿಲ್ಲ, ಬಂಡೆ ತಡೀತದೆ" ಎಂದು ಅವನು ವಾದಿಸಿದ. ಅವಳ ಜೊತೆ ವಾದಿಸಿದನೋ ತನ್ನ ಜೊತೆಯೋ.

ಎರಡು ಸಾವಿರದ ನಾಲ್ಕರಲ್ಲಿ ಬೀದಿಗೆ ಕಾಂಕ್ರೀಟು ಹಾಕುವುದೆಂದು ಆಯಿತು. ಕೆಳಗೆ ಟೊಳ್ಳಿದ್ದರೆ ರಸ್ತೆ ಕುಸಿಯುತ್ತದೆ, ತೆಗೆದು ಮಣ್ಣು ತುಂಬಿಸಿ ಎಂದು ಕಂತ್ರಾಟುದಾರ ಪಟ್ಟು ಹಿಡಿದ. ಎಂಟು ವರ್ಷ ಯಾರ ಮಾತಿಗೂ ತೆರೆಯದ ಹಗೇವು ಒಂದು ಕಾಂಕ್ರೀಟು ಯಂತ್ರಕ್ಕೆ ತೆರೆಯಿತು. ಆ ದಿನ ಬೆಳಿಗ್ಗೆ ಅಣ್ಣನ ಜಗಲಿಯ ಮೇಲೆ ಹದಿನೈದು ಗೋಣಿಚೀಲ, ತಮ್ಮನ ಜಗಲಿಯ ಮೇಲೆ ಹದಿನೈದು ಗೋಣಿಚೀಲ. ಇಬ್ಬರೂ ತಮ್ಮ ತಮ್ಮ ಕಡೆಯ ಸಾಕ್ಷಿಗಳನ್ನು ಬೇರೆ ಕರೆಸಿದ್ದರು.

ಜವರಯ್ಯ ಮಣ್ಣು ಕೆರೆದ. ಆರು ವರ್ಷ ಮೆತ್ತಿದ ಪದರಗಳು ಒಂದೊಂದಾಗಿ ಎದ್ದವು. ಕೆಳಗಿನ ಮೊದಲ ಪದರದಲ್ಲಿ ಅಂಗೈ ಗುರುತು ಹುಡುಕಿದ. ಕೆಸರು, ಅಷ್ಟೇ. ಚಪ್ಪಡಿ ಎಬ್ಬಿಸಿದ ಕೂಡಲೇ ಬೀದಿ ತುಂಬ ಹುಳಿವಾಸನೆ ಬಡಿಯಿತು. ಸಾಕ್ಷಿಗಳು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಲಾಟೀನು ಇಳಿಬಿಟ್ಟ. ಎರಡು ಮೊಳ ಇಳಿಯುವಷ್ಟರಲ್ಲಿ ದೀಪ ಆರಿತು.

"ಇವತ್ತು ಆಗಾಕಿಲ್ಲ ಬುದ್ಧಿ. ನಾಳೀಕೆ ನೋಡಾಣ" ಎಂದ. ಕಂತ್ರಾಟುದಾರ ಗೊಣಗಿ ಒಂದು ದಿನ ಬಿಟ್ಟ.

ಮಾರನೆಯ ದಿನ ದೀಪ ಉರಿಯಿತು. ಅರವತ್ತೊಂಬತ್ತು ವರ್ಷದ ಮುದುಕ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವಾಗ ಅಂಕಮ್ಮ ಹಗ್ಗದ ತುದಿಯನ್ನು ಯಾರ ಕೈಗೂ ಕೊಡದೆ ತಾನೇ ಹಿಡಿದಿದ್ದಳು. ಎರಡು ಕುಕ್ಕೆಯನ್ನೂ ತಂದಿದ್ದಳು.

ಕೆಳಗೆ ರಾಗಿ ಇರಲಿಲ್ಲ. ರಾಗಿಯಾಗಿದ್ದದ್ದು ಇತ್ತು. ಮೇಲೆ ಮೊಳೆತು ಬೆಳ್ಳಗೆ ಸತ್ತ ಬೇರುಗಳ ಚಾಪೆ. ಅದರ ಕೆಳಗೆ ಕರ್ರಗೆ ಮುದ್ದೆಗಟ್ಟಿದ ಕೆಸರು, ಕೈಯಿಟ್ಟರೆ ಇನ್ನೂ ಬೆಚ್ಚಗಿತ್ತು. ಮೊಣಕೈವರೆಗೆ ಬಗೆದ. ಕಪ್ಪು. ಇನ್ನೊಂದು ಕಡೆ ಬಗೆದ. ಕಪ್ಪೇ. ಬಂಡೆಯ ಮಗ್ಗುಲಿಗೆ ತೆವಳಿ, ಹೊಟ್ಟೆಯ ಆ ಮೂಲೆಯಲ್ಲಿ ಉಗುರು ಕಿತ್ತುಹೋಗುವ ಹಾಗೆ ಬಗೆದ ಮೇಲೆ ಕೈಗೆ ಒಣಕಾಳು ಸಿಕ್ಕಿತು. ಕೆಂಪು ರಾಗಿ. ನಾಲ್ಕು ಕಾಳು ಬಾಯಿಗೆ ಹಾಕಿ ಅಗಿದ. ಸಿಹಿ. ಹನ್ನೊಂದು ವರ್ಷದ ಹಿಂದಿನ ಸಿಹಿ ಹಾಗೇ ಇತ್ತು. ಇಡೀ ಹಗೇವೂ ಹೀಗೇ ಇರುತ್ತಿತ್ತಲ್ಲ ದೇವರೇ ಎಂದು ಮುದುಕ ಕತ್ತಲಲ್ಲಿ ಕೂತು ಹೋ ಎಂದು ಅತ್ತ. ಮೇಲಿದ್ದವರು ಗಾಳಿ ಬಡಿಯಿತೇನೋ ಎಂದು ಗಾಬರಿಯಾದರು. ಅಂಕಮ್ಮ ಹಗ್ಗ ಜಗ್ಗಿ, "ಏನಾಯ್ತಯ್ಯಾ, ಬಾ ಮ್ಯಾಕೆ" ಎಂದು ಕೂಗಿದಳು.

ಒಂದು ಮೊರದಷ್ಟು ಒಳ್ಳೆಯ ರಾಗಿ. ಕೆರೆದು ಬಳಿದರೂ ಅಷ್ಟೇ. ಅದನ್ನು ಮೇಲಕ್ಕೆ ಕೊಟ್ಟು, ತಾನೂ ಹತ್ತಿ ಬಂದು, ಮೊರವನ್ನು ಎರಡು ಜಗಲಿಗಳ ನಡುವೆ ನೆಲದ ಮೇಲಿಟ್ಟ. "ಇಷ್ಟು ಚಂದಾಗೈತೆ ಬುದ್ಧಿ" ಎಂದ.

ಅಣ್ಣ ನೋಡಿದ. ತಮ್ಮ ನೋಡಿದ. ಎಂಟು ವರ್ಷ ದೊಣ್ಣೆ ಹಿಡಿದು ಕಾದ ರಾಗಿಯಲ್ಲಿ ಉಳಿದದ್ದಕ್ಕೆ ಪಾಲು ಕೇಳಲು ಇಬ್ಬರಿಗೂ ನಾಚಿಕೆಯಾಯಿತೋ ಏನೋ. ಒಳಗಿನಿಂದ ಚನ್ನಬಸವಯ್ಯನವರ ಹೆಂಡತಿ ವಿಶಾಲಮ್ಮ ಗೋಡೆ ಹಿಡಿದುಕೊಂಡು ಬಂದರು. ಬಗ್ಗಿ ಒಂದು ಹಿಡಿ ರಾಗಿ ತೆಗೆದುಕೊಂಡು ಮೂಸಿ ನೋಡಿದರು. "ಅವರು ತುಂಬಿಸಿದ್ದು" ಎಂದು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು, ಮಕ್ಕಳ ಮುಖ ನೋಡದೆ ಒಳಗೆ ಹೋದರು.

ರೇವಣಸಿದ್ದಪ್ಪ ಕೆಮ್ಮಿದ. ಏನಾದರೂ ಅನ್ನಬೇಕಿತ್ತು, ಅಂದ. "ಪದ್ಧತಿ ಇದ್ದೇ ಐತಲ್ಲ. ಕೆಟ್ಟದ್ದು ಇಳಿದೋನಿಗೆ. ಎಲ್ಲಾ ನಿಂದೇ ಕಣ್ಲಾ ಜವರ. ಸಂಜೆ ಒಳಗೆ ಎತ್ಕೊಂಡ್ ಹೋಗ್ಬಿಡು, ನಾಳೆ ಕಾಂಕ್ರೀಟು."

"ಅಣ್ಣ ಹೇಳೋದು ಸರಿ" ಎಂದ ಬಸವಕುಮಾರ್.

ಎಂಟು ವರ್ಷದಲ್ಲಿ ಅಣ್ಣ ತಮ್ಮ ಒಪ್ಪಿದ ಮೊದಲ ಮಾತು ಅದು. ಬೀದಿಯವರಿಗೆಲ್ಲ ಸಮಾಧಾನವಾಯಿತು. ರಂಗಮ್ಮ, "ಸದ್ಯ, ಒಂದಾದ್ರಲ್ಲ" ಎಂದಳು. ಸಾಕ್ಷಿಗಳನ್ನು ಕರೆದುಕೊಂಡು ಇಬ್ಬರೂ ಅಣ್ಣನ ಜಗಲಿಯ ಮೇಲೆ ಕಾಫಿಗೆ ಕೂತರು. ಖಾಲಿ ಗೋಣಿಚೀಲಗಳನ್ನು ಮಡಚಿ ಒಳಗಿಟ್ಟರು. ಒಂದನ್ನಾದರೂ ಮುದುಕನಿಗೆ ಕೊಡಬೇಕು ಎಂದು ಯಾರಿಗೂ ತೋಚಲಿಲ್ಲ.

ಜವರಯ್ಯ ಕೂಲಿ ಕೇಳಲಿಲ್ಲ. ಕೇಳುವುದಕ್ಕೆ ಕೂಲಿ ಆಗಲೇ ಕೊಟ್ಟಾಗಿತ್ತಲ್ಲ, ಮೂವತ್ತು ಪಲ್ಲ. ಲಾಟೀನು ಇನ್ನೊಂದು ಸಲ ಇಳಿಬಿಟ್ಟು ನೋಡಿ, ಹಗ್ಗದ ತುದಿಯನ್ನು ಅಂಕಮ್ಮನ ಕೈಗೆ ಕೊಟ್ಟು, ಮತ್ತೆ ಕೆಳಗಿಳಿದ.

ಅಂಕಮ್ಮ ಕುಕ್ಕೆ ಇಳಿಬಿಟ್ಟಳು. ಕುಕ್ಕೆಯ ಹಗ್ಗ ಬಿಗಿಯಾದ ಮೇಲೆ ಎಳೆದಳು. ಕರೀ ಕೆಸರು ತುಂಬಿದ ಕುಕ್ಕೆ ಬಾಯಿಗೆ ಬರುವಾಗ ಹಗೇವಿನ ಹೊಟ್ಟೆಯಿಂದ ಗಂಡನ ದನಿ ಬಂತು, ಐವತ್ತು ವರ್ಷದ ಅಭ್ಯಾಸದಲ್ಲಿ, ಮೊದಲಿನ ಹಾಗೇ ಗಟ್ಟಿಯಾಗಿ:

"ಲಾಭ."

ಅಂಕಮ್ಮ ಕುಕ್ಕೆ ಹಿಡಿದು ನಿಂತಲ್ಲೇ ನಿಂತಳು. ಮದುವೆಯಾದ ಹೊಸದರಲ್ಲಿ ತಾನು ಆಡಿದ ಮಾತು ನೆನಪಾಯಿತು. "ಬಿಡ್ತು" ಎಂದಳು. ಮತ್ತೆ "ಬಿಡ್ತು, ಬಿಡ್ತು" ಎಂದಳು. ಕೆಳಗಿನವನಿಗೆ ಅದು ಕೇಳಿಸಲಿಲ್ಲ. ಖಾಲಿ ಕುಕ್ಕೆಗಾಗಿ ಕಾದು, ಅದು ಬಾರದೆ ಹೋದಾಗ, "ಇನ್ನೊಂದ್ ಕುಕ್ಕೆ ಬಿಡೇ, ಹೊತ್ತಾಯ್ತದೆ" ಎಂದು ಕೂಗಿದ.

ಅವಳು ಇನ್ನೊಂದು ಕುಕ್ಕೆ ಇಳಿಬಿಟ್ಟಳು.

"ಎರಡು" ಎಂದ ಜವರಯ್ಯ.